ಮೀನಿಲ್ಲದ ತೊಟ್ಟಿಗೆ ಊಟ

"ಮೀನೇ ಇಲ್ಲ, ದಿನಾ ಅದಕ್ಕೆ ಏನೇ ಹಾಕ್ತೀಯ?"

ಅತ್ತೆ ಹೀಗೆ ಕೇಳಿದಾಗ ನಾನು ಕೈಲಿ ಒಂದು ಲೋಟ ಹಿಡಿದುಕೊಂಡು ತೊಟ್ಟಿ ಮುಂದೆ ನಿಂತಿದ್ದೆ. "ಬ್ಯಾಕ್ಟೀರಿಯಾಕ್ಕೆ ಊಟ ಅತ್ತೆ" ಅಂದೆ. ಅವರು ಸೆರಗು ಸಿಕ್ಕಿಸಿಕೊಂಡು ತೊಟ್ಟಿಯೊಳಗೆ ಬಗ್ಗಿ ನೋಡಿದರು. ತಿಳಿ ನೀರು, ತಳದಲ್ಲಿ ಪಂಪು. ಆಮೇಲೆ ನನ್ನ ಮುಖ ನೋಡಿದರು. ಏನೂ ಹೇಳದೆ ದನಕ್ಕೆ ಹುಲ್ಲು ಹಾಕಲು ಹೋದರು. ಅವತ್ತು ರಾತ್ರಿ ಊಟಕ್ಕೆ ಕೂತಾಗ ಮಗನ ಹತ್ತಿರ "ಇವಳಿಗೆ ರಾತ್ರಿ ನಿದ್ದೆ ಸರಿ ಬರ್ತಾ ಇದೆಯೇನೋ?" ಅಂತ ಕೇಳಿದರಂತೆ.

ಅವರದ್ದೇನೂ ತಪ್ಪಿಲ್ಲ. ಹಿಂದಿನ ಸಲ ಆ ತೊಟ್ಟಿಯಲ್ಲಿ ಮೀನು ಇದ್ದವು. ಹನ್ನೆರಡು ಗೆಂಡೆ ಮರಿ. ಹನ್ನೊಂದು ದಿನದಲ್ಲಿ ಹನ್ನೆರಡೂ ಹೋದವು.

ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿ. ಮಳೆಗಾಲ ಶುರುವಾದರೆ ಹಿತ್ತಿಲಲ್ಲಿ ಸೊಪ್ಪು ಅನ್ನೋದು ಕನಸು. ಬೀಜ ಹಾಕಿದರೆ ಕೊಳೆಯುತ್ತೆ, ಕೊಳೆಯದೆ ಉಳಿದಿದ್ದನ್ನು ಬಸವನಹುಳು ತಿನ್ನುತ್ತೆ, ಅದೂ ಬಿಟ್ಟಿದ್ದನ್ನು ಮಂಗ ಕಿತ್ತು ಎಸೆಯುತ್ತೆ. ಅದಕ್ಕೇ ಕೊಟ್ಟಿಗೆ ಪಕ್ಕ ಒಂದು ಚಪ್ಪರ ಹಾಕಿಸಿ, ಸುತ್ತ ಬಲೆ ಕಟ್ಟಿಸಿ, ಅಕ್ವಾಪೋನಿಕ್ಸ್ ಮಾಡೋಣ ಅಂತ ಹೊರಟೆ. ಕೆಳಗೆ ಮೀನಿನ ತೊಟ್ಟಿ. ಮೇಲೆ ಉದ್ದಕ್ಕೆ ಸೀಳಿದ ಎರಡು ನೀಲಿ ಡ್ರಮ್ಮಿನಲ್ಲಿ 20 ಎಂಎಂ ಜಲ್ಲಿ. ಪಂಪು ನೀರನ್ನು ಮೇಲೆತ್ತುತ್ತೆ, ಜಲ್ಲಿಯಲ್ಲಿ ಇಳಿದು ನೀರು ಮತ್ತೆ ತೊಟ್ಟಿಗೆ. ಮೀನಿನ ಗಲೀಜು ಗಿಡಕ್ಕೆ ಗೊಬ್ಬರ. ಕೇಳೋಕೆ ಎಷ್ಟು ಸುಲಭ, ಅಲ್ವಾ? ಒಟ್ಟು ಸುಮಾರು 500 ಲೀಟರ್ ನೀರು. ತುಂಬಿಸಿದ ಮಾರನೇ ದಿನವೇ ಮೀನು ಬಿಟ್ಟೆ.

ನಾನು ತುಂಗಾ ತೀರದ ಚಿಬ್ಬಲಗುಡ್ಡೆಯ ಮೀನಿಗೆ ಮಂಡಕ್ಕಿ ಹಾಕಿ ಬೆಳೆದವಳು. ತುಂಗೆಯಲ್ಲಿ ಅಷ್ಟೊಂದು ಮೀನು ಒತ್ತೊತ್ತಾಗಿ ಬದುಕುತ್ತವೆ, ನನ್ನ ತೊಟ್ಟಿಯಲ್ಲಿ ಹನ್ನೆರಡು ಬದುಕಲ್ವಾ ಅಂದುಕೊಂಡಿದ್ದೆ. ಹೊಳೆ ಹರಿಯುತ್ತೆ, ತೊಟ್ಟಿ ಹರಿಯಲ್ಲ ಅನ್ನೋದು ತಲೆಗೆ ಹೋಗಿರಲಿಲ್ಲ. ಮೀನು ಕಿವಿರಿನಿಂದ ಅಮೋನಿಯಾ ಬಿಡುತ್ತೆ, ತಿನ್ನದೆ ಉಳಿದ ಮೇವು ಕೊಳೆತರೂ ಅಮೋನಿಯಾ. ಹೊಳೆಯಲ್ಲಿ ಅದು ಕೊಚ್ಚಿಕೊಂಡು ಹೋಗುತ್ತೆ. ತೊಟ್ಟಿಯಲ್ಲಿ ಅಲ್ಲೇ ಸೇರಿಕೊಳ್ಳುತ್ತೆ. ಅದನ್ನು ತಿನ್ನಲು ಒಂದು ಜಾತಿಯ ಬ್ಯಾಕ್ಟೀರಿಯಾ ಬೇಕು. ಅವು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ. ನೈಟ್ರೈಟ್ ಕೂಡ ಮೀನಿಗೆ ವಿಷವೇ, ರಕ್ತ ಕಂದು ಬಣ್ಣಕ್ಕೆ ತಿರುಗಿ ಆಮ್ಲಜನಕ ಹೊರೋದನ್ನೇ ನಿಲ್ಲಿಸುತ್ತೆ. ಇನ್ನೊಂದು ಜಾತಿ ಬ್ಯಾಕ್ಟೀರಿಯಾ ಆ ನೈಟ್ರೈಟನ್ನು ನೈಟ್ರೇಟ್ ಮಾಡಬೇಕು. ಗಿಡ ಬಯಸೋದು ಅದನ್ನು. ಈ ಎರಡೂ ಜಾತಿ ಜಲ್ಲಿಯ ಮೇಲೆ ಮನೆ ಮಾಡಿಕೊಳ್ಳಲು ನಾಲ್ಕರಿಂದ ಆರು ವಾರ ಬೇಕು. ನಾನು ಒಂದು ದಿನ ಕೊಟ್ಟಿದ್ದೆ.

ಕೊನೆಯ ಮರಿ ಸತ್ತ ದಿನ ಅದರ ಕಿವಿರು ಎತ್ತಿ ನೋಡಿದೆ. ಕೆಂಪಗಿರಬೇಕಾದ್ದು ಹಳೇ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಮತ್ತೆ ಮೀನನ್ನು ಬಲಿ ಕೊಟ್ಟು ಬ್ಯಾಕ್ಟೀರಿಯಾ ಬೆಳೆಸೋದು ಬೇಡ ಅಂತ ಅಲ್ಲೇ ತೀರ್ಮಾನ ಮಾಡಿದೆ. ಮೊದಲು ಮೀನಿಲ್ಲದೆ ತೊಟ್ಟಿಗೆ ಅಮೋನಿಯಾ ಹಾಕಿ ಬ್ಯಾಕ್ಟೀರಿಯಾ ಬೆಳೆಸೋದು. ಅವು ಗಟ್ಟಿಯಾದ ಮೇಲೆ ಮೀನು.

ಅಮೋನಿಯಾ ಎಲ್ಲಿಂದ ತರೋದು ಅನ್ನೋದೇ ಆಮೇಲಿನ ಒಂದು ತಿಂಗಳ ಕಥೆ.

ಮೊದಲ ಸಲಹೆ ಅತ್ತೆಯದೇ. "ಅಮೋನಿಯಾ ಅಂದ್ರೆ ಕೊಟ್ಟಿಗೆ ವಾಸನೆ ತಾನೆ? ಗಂಜಲ ಹಾಕು. ಹತ್ತು ಹೆಜ್ಜೆ ದೂರದಲ್ಲಿದೆ." ಸರಿಯಾದ ಮಾತು. ಬೆಳಿಗ್ಗೆ ಕೊಟ್ಟಿಗೆ ಬಾಗಿಲು ತೆಗೆದರೆ ಮೂಗಿಗೆ ಹೊಡೆಯೋದು ಅದೇ. ಒಂದು ಬಾಟಲಿಯಲ್ಲಿ ಹಿಡಿದು, ನೀರಿಗೆ ಎರಡು ಹನಿ ಬಿಟ್ಟು ಅಮೋನಿಯಾ ಅಳೆಯುವ ಟೆಸ್ಟ್ ಕಿಟ್‌ನಲ್ಲಿ ನೋಡಿದೆ. ಹಳದಿ. ಅಂದರೆ ಸೊನ್ನೆ. ಅರೆ! ಅದೇ ಬಾಟಲಿಯನ್ನು ಹತ್ತು ದಿನ ಬಿಟ್ಟು ತೆಗೆದರೆ ಕಣ್ಣಲ್ಲಿ ನೀರು ಬಂತು, ಕಿಟ್ ಕಡು ಹಸಿರು. ತಾಜಾ ಗಂಜಲದಲ್ಲಿ ಇರೋದು ಯೂರಿಯಾ. ಅದು ಒಡೆದು ಅಮೋನಿಯಾ ಆಗಲು ಸಮಯ ಬೇಕು. ಎಷ್ಟು ದಿನಕ್ಕೆ ಎಷ್ಟು ಆಗುತ್ತೆ ಅನ್ನೋದು ಹಸು ಏನು ತಿಂತು, ಎಷ್ಟು ನೀರು ಕುಡೀತು ಅನ್ನೋದರ ಮೇಲೆ. ಅಳತೆಗೆ ಸಿಗದ ವಸ್ತು ಅದು.

ಅಳತೆ ಹೇಗೋ ಸರಿಮಾಡಬಹುದಿತ್ತು. ನನಗೆ ಹೆದರಿಕೆ ಆಗಿದ್ದು ಬೇರೆ ಕಾರಣಕ್ಕೆ. ಈ ಡ್ರಮ್ಮಿನಲ್ಲಿ ಬೆಳೆಯಬೇಕಾದ್ದು ಕೊತ್ತಂಬರಿ, ಪುದೀನ. ಹಸಿಯಾಗಿ ಚಟ್ನಿಗೆ ಹೋಗುವಂಥವು. ನಮ್ಮ ಕಡೆ ಇಲಿ ಜ್ವರ ಗೊತ್ತಲ್ಲ, ಅದು ಇಲಿಯಿಂದ ಮಾತ್ರ ಬರೋದಲ್ಲ, ದನದ ಮೂತ್ರದಿಂದಲೂ ಬರಬಹುದು. ಮೇಲಾಗಿ ಹಿಂದಿನ ತಿಂಗಳು ತಾನೆ ನಮ್ಮ ಹಸು ಗೌರಿಗೆ ಜಂತುಹುಳದ ಔಷಧಿ ಕುಡಿಸಿದ್ದೆವು. ಅದೆಲ್ಲ ಎಲ್ಲಿಗೆ ಹೋಗುತ್ತೆ? ತೆಂಗಿನ ಬುಡಕ್ಕೆ ಗಂಜಲ ಹಾಕೋದು ಬೇರೆ, ಸುತ್ತಿ ಸುತ್ತಿ ಅದೇ ನೀರು ಓಡೋ ತೊಟ್ಟಿಗೆ ಹಾಕೋದು ಬೇರೆ. ಗಂಜಲವನ್ನು ಬಸಳೆ ಬುಡಕ್ಕೆ ಸುರಿದೆ. ಮನುಷ್ಯರದ್ದೂ ಹಾಕುವವರಿದ್ದಾರೆ ಅಂತ ಓದಿದ್ದೆ. ಅದನ್ನು ಮನೆಯಲ್ಲಿ ಹೇಳುವ ಧೈರ್ಯ ಇವತ್ತಿಗೂ ಬಂದಿಲ್ಲ.

ಎರಡನೇದು ನಮ್ಮನೆಯವರದು. "ಯೂರಿಯಾ ಇದೆಯಲ್ಲ, ಅರ್ಧ ಚೀಲ ಮಿಕ್ಕಿದೆ." ಯೂರಿಯಾದಲ್ಲಿ ನೂರಕ್ಕೆ 46 ಭಾಗ ಸಾರಜನಕ. ತೂಗಬಹುದು, ಕರಗುತ್ತೆ, ವಾಸನೆ ಇಲ್ಲ. ನಾನು ಒಪ್ಪಿಯೇ ಬಿಟ್ಟಿದ್ದೆ. ಎರಡು ಗ್ರಾಂ ತೂಗಿ ಲೋಟಕ್ಕೆ ಹಾಕಿ ಕಲಕುವಾಗ ಚೀಲದ ಮೇಲೆ ಕಣ್ಣು ಬಿತ್ತು. ಬೇವು ಲೇಪಿತ.

ಆ ಎರಡು ಪದವನ್ನು ನಾನು ವರ್ಷಗಟ್ಟಲೆ ನೋಡಿದ್ದೇನೆ. ಯಾಕೆ ಅಂತ ಯೋಚಿಸಿರಲಿಲ್ಲ. 2015ರಲ್ಲಿ ಸರ್ಕಾರ ದೇಶದಲ್ಲಿ ತಯಾರಾಗುವ ಎಲ್ಲ ಯೂರಿಯಾಕ್ಕೂ ಬೇವಿನೆಣ್ಣೆಯ ಲೇಪನ ಕಡ್ಡಾಯ ಮಾಡಿತು. ಗದ್ದೆಯ ಗೊಬ್ಬರ ಕಾರ್ಖಾನೆಗೆ ಹೋಗಬಾರದು ಅನ್ನೋದು ಒಂದು ಕಾರಣ. ಇನ್ನೊಂದು ಕಾರಣ, ಮಣ್ಣಿನಲ್ಲಿ ಅಮೋನಿಯಾ ಬೇಗ ನೈಟ್ರೇಟ್ ಆಗಿ ತೊಳೆದು ಹೋಗಬಾರದು. ಅದಕ್ಕೆ ಬೇವು ಏನು ಮಾಡುತ್ತೆ? ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾದ ಕೈ ಕಟ್ಟುತ್ತೆ. ಯಾವ ಬ್ಯಾಕ್ಟೀರಿಯಾ? ನಾನು ಸಾಕಬೇಕು ಅಂತ ಒದ್ದಾಡ್ತಾ ಇರೋದೇ ಅದನ್ನ!

ಎರಡು ಗ್ರಾಂ ಯೂರಿಯಾದಲ್ಲಿ ಎಷ್ಟು ಬೇವಿರುತ್ತೆ, ಸಾಸಿವೆ ಕಾಳಷ್ಟೂ ಇರಲ್ಲ, ಏನೂ ಆಗಲ್ಲ ಅಂತ ನಮ್ಮನೆಯವರು ವಾದ ಮಾಡಿದರು. ಇರಬಹುದು. ಆದರೆ ಯೂರಿಯಾದ ಇನ್ನೊಂದು ತೊಂದರೆ ಗಂಜಲದ್ದೇ. ಕಿಟ್‌ಗೆ ಯೂರಿಯಾ ಕಾಣಲ್ಲ. ಇವತ್ತು ಹಾಕಿ ನೋಡಿದರೆ ಸೊನ್ನೆ. ಸಾಲಲಿಲ್ಲ ಅಂತ ನಾಳೆ ಮತ್ತೆ ಹಾಕುತ್ತೀವಿ, ನಾಡಿದ್ದು ಮತ್ತೆ. ವಾರ ಕಳೆದು ಅದೆಲ್ಲ ಒಟ್ಟಿಗೇ ಒಡೆದಾಗ ತೊಟ್ಟಿ ತುಂಬ ಅಮೋನಿಯಾ. ಊಟ ಜಾಸ್ತಿಯಾದರೂ ಬ್ಯಾಕ್ಟೀರಿಯಾಕ್ಕೆ ಒಳ್ಳೇದಲ್ಲ. ಅದರಲ್ಲೂ ನೈಟ್ರೈಟ್ ತಿನ್ನುವ ಎರಡನೇ ಜಾತಿ ಮೇಲೇಳೋದೇ ಇಲ್ಲ. ಲೋಟದ ನೀರು ದಾಸವಾಳದ ಬುಡಕ್ಕೆ ಹೋಯಿತು. ಡಿಎಪಿ ಗೊಬ್ಬರ ಕೂಡ ಇತ್ತು ಮನೆಯಲ್ಲಿ. ಚೀಲದ ಮೇಲಿನ ಲೆಕ್ಕದಲ್ಲಿ ಸಾರಜನಕ 18, ರಂಜಕ 46. ಹಾಕಿದ್ದರೆ ತೊಟ್ಟಿ ಪಾಚಿ ಹೊಂಡ ಆಗ್ತಿತ್ತು.

ನನ್ನ ಚಿಕ್ಕಮ್ಮನ ಮಗ ಶಿವಮೊಗ್ಗದ ಒಂದು ಕಾಲೇಜಿನ ರಸಾಯನಶಾಸ್ತ್ರ ಲ್ಯಾಬಿನಲ್ಲಿ ಕೆಲಸ ಮಾಡುತ್ತಾನೆ. ಅವನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ನಕ್ಕ. "ಅಕ್ಕ, ಅಮೋನಿಯಾ ಎಲ್ಲಿ ಬೇಕಾದ್ರೂ ಸಿಗುತ್ತೆ. ಅದ್ರ ಜೊತೆ ಇನ್ನೇನು ಬರುತ್ತೆ ನೋಡ್ಕೊ" ಅಂದ.

ಆ ಮಾತನ್ನು ಹಿಡಿದುಕೊಂಡು ತೀರ್ಥಹಳ್ಳಿ ಪೇಟೆ ಸುತ್ತಿದೆ. ಗಾಜು ಒರೆಸುವ ನೀಲಿ ದ್ರಾವಣದಲ್ಲಿ ಅಮೋನಿಯಾ ಇರುತ್ತೆ ಅಂತ ಕೇಳಿದ್ದೆ. ಅಂಗಡಿಯಲ್ಲೇ ಬಾಟಲಿ ತೆಗೆದುಕೊಂಡು ಜೋರಾಗಿ ಕುಲುಕಿದೆ. ನೊರೆ ಬಂದು ಹಾಗೇ ನಿಂತಿತು. ಬರೀ ಅಮೋನಿಯಾ ನೀರಾದರೆ ಗುಳ್ಳೆ ಎದ್ದು ತಕ್ಷಣ ಒಡೆದು ಹೋಗಬೇಕು. ನೊರೆ ನಿಂತರೆ ಸೋಪಿನಂಥದ್ದು ಸೇರಿದೆ ಅಂತ ಅರ್ಥ, ಅದು ಮೀನಿನ ಕಿವಿರಿಗೆ ಆಗಲ್ಲ. ಜೊತೆಗೆ ಬಣ್ಣ, ನಿಂಬೆ ವಾಸನೆ. ವಾಪಸ್ ಇಟ್ಟೆ. ಅಂಗಡಿಯವರು "ಯಾಕಮ್ಮ, ಹಾಳಾಗಿದೆಯಾ?" ಅಂದರು.

ಸೀಗಡಿ ಕೊಳೆ ಹಾಕೋದು ಇನ್ನೊಂದು ದಾರಿ. ಒಂದು ಹಸಿ ಸೀಗಡಿಯನ್ನು ಬಟ್ಟೆಯಲ್ಲಿ ಕಟ್ಟಿ ನೀರಲ್ಲಿ ಇಳಿಬಿಟ್ಟರೆ ಕೊಳೆತು ಅಮೋನಿಯಾ ಬಿಡುತ್ತೆ. ಘಟ್ಟದ ಕೆಳಗಿನಿಂದ ಬಂದ ಸೀಗಡಿಯನ್ನು ಸಾರು ಮಾಡದೆ ಕೊಳೆಯಲು ಹಾಕ್ತೀನಿ ಅಂದಾಗ ಅತ್ತೆ ನೋಡಿದ ನೋಟಕ್ಕೆ ಆ ವಿಚಾರ ಅಲ್ಲೇ ಮುಗಿಯಿತು.

ಅದಾದ ಮೇಲೆ ಬಂದಿದ್ದು ಕಲಾಯಿ.

ಈಗ ನಮ್ಮ ಕಡೆ ಕಲಾಯಿಯವರು ಅಪರೂಪ. ದೀಪಾವಳಿ ಮುಂಚೆ ಒಬ್ಬರು ಬಂದು ಅರಳಿಕಟ್ಟೆ ಹತ್ತಿರ ತಿದಿ ಹೂಡಿದ್ದರು. ಎರಡು ಹಿತ್ತಾಳೆ ಪಾತ್ರೆ ಹೊತ್ತುಕೊಂಡು ಹೋದೆ. ಪಾತ್ರೆ ಕೆಂಪಗೆ ಕಾದಾಗ ಅವರು ಒಂದು ಚಿಟಿಕೆ ಬಿಳಿ ಪುಡಿ ಎಸೆದರು. ಭುಸ್ ಅಂತ ಬಿಳಿ ಹೊಗೆ. ತವರ ಮುಟ್ಟಿಸಿ ಹತ್ತಿಯಲ್ಲಿ ಸವರಿದರು, ಪಾತ್ರೆ ಒಳಗೆಲ್ಲ ಬೆಳ್ಳಿ. ನನ್ನ ಮೂಗು ಮಾತ್ರ ಬೇರೆ ಕಡೆ ಇತ್ತು. ಆ ಹೊಗೆಗೆ ಕೊಟ್ಟಿಗೆಯ ಘಾಟು. "ಏನಣ್ಣ ಅದು?" "ನವಸಾಗರ ಅಕ್ಕ."

ನವಸಾಗರ ಅಂದರೆ ಅಮೋನಿಯಂ ಕ್ಲೋರೈಡ್. ತಮ್ಮನಿಗೆ ಫೋನ್ ಮಾಡಿದಾಗ ಅವನೂ ಖುಷಿಯಾದ. ಮೀನಿಲ್ಲದೆ ತೊಟ್ಟಿ ತಯಾರು ಮಾಡುವವರು ಬೇರೆ ದೇಶಗಳಲ್ಲಿ ಬಳಸೋದು ಇದನ್ನೇ ಅಂತೆ. ಗ್ರಂಧಿಗೆ ಅಂಗಡಿಯಲ್ಲಿ ಕೇಳಿದೆ. ಅಂಗಡಿಯಾತ ಕನ್ನಡಕದ ಮೇಲಿಂದ ನೋಡಿ "ಎಷ್ಟು ಬೇಕು? ಯಾಕೆ ಬೇಕು?" ಅಂದ. ಆಮೇಲೆ ಗೊತ್ತಾಯಿತು, ಬೆಲ್ಲದ ಜೊತೆ ನವಸಾಗರ ಕೇಳಿದರೆ ಕಳ್ಳಭಟ್ಟಿಗೆ ಅಂತ ಜನ ತಿಳಿಯುತ್ತಾರೆ. ನನ್ನ ಚೀಲದಲ್ಲಿ ಆಗಷ್ಟೇ ಕೊಂಡ ಎರಡು ಕೆ.ಜಿ. ಬೆಲ್ಲ ಇತ್ತು!

ಕೊಟ್ಟಿದ್ದು ಒಂದು ಹೆಂಟೆ. ಒಂದು ಕಡೆ ಬಿಳಿ, ಇನ್ನೊಂದು ಕಡೆ ತುಕ್ಕಿನ ಬಣ್ಣ. ತಮ್ಮನಿಗೆ ಫೋಟೋ ಕಳಿಸಿದೆ. "ಲ್ಯಾಬಿಂದಾದ್ರೆ ಕಣ್ಮುಚ್ಚಿ ಹಾಕು ಅಕ್ಕ. ಇದು ಕಲಾಯಿಗೆ ಅಂತ ಮಾಡಿದ್ದು. ಲೋಹಕ್ಕೆ ಶುದ್ಧ ಸಾಕು, ಮೀನಿಗೆ ಸಾಕಾಗಲ್ಲ" ಅಂದ. ಕಬ್ಬಿಣವೋ, ಸತುವೋ, ಏನಿದೆಯೋ ಯಾರಿಗೆ ಗೊತ್ತು. ಆ ಹೆಂಟೆ ಈಗಲೂ ಅಟ್ಟದ ಮೇಲಿದೆ.

ಸರಿ, ಲ್ಯಾಬಿನದ್ದೇ ತರೋಣ ಅಂತ ಶಿವಮೊಗ್ಗದ ಬಸ್ ಹತ್ತಿದೆ. ಕೆಮಿಕಲ್ ಅಂಗಡಿಯಲ್ಲಿ ಅಮೋನಿಯಂ ಕ್ಲೋರೈಡ್ ಖಾಲಿಯಾಗಿತ್ತು. ಬರಲು ಹದಿನೈದು ದಿನ. "ಲಿಕ್ಕರ್ ಅಮೋನಿಯಾ ಇದೆ, 25 ಪರ್ಸೆಂಟ್" ಅಂತ ಕಂದು ಬಣ್ಣದ ಗಾಜಿನ ಬಾಟಲಿ ಇಟ್ಟರು. ಲೆಕ್ಕದಲ್ಲಿ ಇದರಷ್ಟು ಚೊಕ್ಕ ಯಾವುದೂ ಇಲ್ಲ. ಅಮೋನಿಯಾ ಮತ್ತು ನೀರು, ಬೇರೇನೂ ಇಲ್ಲ. 500 ಲೀಟರಿಗೆ ನಾಲ್ಕೂವರೆ ಎಂಎಲ್ ಹಾಕಿದರೆ 2 ಪಿಪಿಎಂ, ಅಂದರೆ ಲೀಟರಿಗೆ ಎರಡು ಮಿಲಿಗ್ರಾಂ ಅಮೋನಿಯಾ. ನಾನು ದಡ್ಡಿ, ಮುಚ್ಚಳ ಸ್ವಲ್ಪ ಸಡಿಲ ಮಾಡಿ ಮೂಸಿದೆ.

ಯಾರೋ ಮೂಗಿನ ಒಳಗೆ ಗುದ್ದಿದ ಹಾಗಾಯಿತು. ಉಸಿರೇ ನಿಂತು, ಕಣ್ಣು ಉರಿದು, ಗೋಡೆ ಹಿಡಿದುಕೊಂಡು ರಸ್ತೆಗೆ ಬಂದೆ. ಈ ಬಾಟಲಿಯನ್ನು ಚೀಲದಲ್ಲಿಟ್ಟುಕೊಂಡು, ಮಕ್ಕಳು ಮರಿ ತುಂಬಿದ ಬಸ್ಸಿನಲ್ಲಿ, ಮಂಡಗದ್ದೆ ಮೇಲೆ 60 ಕಿಲೋಮೀಟರ್ ಹೋಗಬೇಕು. ಕುಲುಕಾಟಕ್ಕೆ ಮುಚ್ಚಳ ಸಡಿಲವಾದರೆ? ಸೆಕೆಗೆ ಒಳಗೆ ಒತ್ತಡ ಏರಿದರೆ? ಮನೆಯಲ್ಲಿ ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರ್ ಬೇರೆ ಇದೆ, ಅದೂ ಇದೂ ಸೇರಿದರೆ ವಿಷದ ಗಾಳಿ. ಇಷ್ಟು ದಿನ ಮೀನಿಗೆ ಆಗುತ್ತಾ ಅಂತಷ್ಟೇ ಕೇಳ್ತಾ ಇದ್ದೆ. ನನಗೆ ಆಗುತ್ತಾ ಅಂತ ಕೇಳಿದ್ದು ಅವತ್ತೇ. ಬೇಡ ಅಂದು ಬಂದೆ.

ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು. ಕಣ್ಣು ಇನ್ನೂ ಉರೀತಿತ್ತು. ಒಂದು ಹಳೇ ಬೇಕರಿ ಮುಂದೆ ನಿಂತು ಟೀ ಕೇಳಿದೆ. ಒಳಗೆ ಹುಡುಗ ಒಲೆಯಿಂದ ಬಿಸ್ಕತ್ ತಟ್ಟೆ ಎಳೆದ. ಬೆಣ್ಣೆ, ಸಕ್ಕರೆ, ಏಲಕ್ಕಿ, ಅದರ ಹಿಂದೆಯೇ ಮತ್ತೆ ಅದೇ ಘಾಟು. ಮೂಗಿಗೆ ಇನ್ನೂ ಆ ಬಾಟಲಿ ಅಂಟಿಕೊಂಡಿದೆ ಅಂದುಕೊಂಡೆ. ಎರಡನೇ ತಟ್ಟೆ ಬಂತು. ಮತ್ತೆ ಘಾಟು. "ಏನದು ವಾಸನೆ?" ಅಂತ ಕೇಳಿಯೇ ಬಿಟ್ಟೆ.

"ಅಮೋನಿಯಾ ಮೇಡಂ. ಬಿಸ್ಕತ್ ಗರಿಗರಿಯಾಗಿ ಉಬ್ಬೋಕೆ ಹಾಕ್ತೀವಿ. ಕಾದಾಗ ಎಲ್ಲ ಹಾರಿ ಹೋಗುತ್ತೆ, ಆರಿದ ಮೇಲೆ ವಾಸನೆ ಇರಲ್ಲ. ಕೇಕಿಗೆ ಹಾಕಲ್ಲ, ದಪ್ಪ ಇರುತ್ತಲ್ಲ, ಒಳಗೇ ಉಳಿದು ಬಿಡುತ್ತೆ."

ಟೀ ಅರ್ಧಕ್ಕೇ ಬಿಟ್ಟೆ. ಅವನು ಹೇಳಿದ ದಾರಿ ಹಿಡಿದು ಗಾಂಧಿ ಬಜಾರಿಗೆ ಹೋದೆ. ಬೇಕರಿ ಸಾಮಾನು ಮಾರುವ ಸಣ್ಣ ಅಂಗಡಿ. ಬಿಳಿ ಪುಡಿ, ಉಪ್ಪಿನ ಹರಳಿನ ಹಾಗೆ, ಗಾಳಿಯಾಡದ ಪೊಟ್ಟಣದಲ್ಲಿ. ಮೇಲೆ ಅಮೋನಿಯಂ ಬೈಕಾರ್ಬೊನೇಟ್ ಅಂತ ಬರೆದಿತ್ತು, ಆಹಾರಕ್ಕೆ ಸೇರಿಸುವ ವಸ್ತುಗಳ ಸಂಖ್ಯೆ 503 ಇತ್ತು. ಅಂಗಡಿಯ ಹಿರಿಯರು "ಏನು ಮಾಡ್ತೀರಮ್ಮ?" ಅಂದರು. ಮೀನಿಲ್ಲದ ತೊಟ್ಟಿ ಅಂತೆಲ್ಲ ವಿವರಿಸುವ ತಾಳ್ಮೆ ಇರಲಿಲ್ಲ. ನವಸಾಗರದ ಅನುಭವವೂ ಇತ್ತಲ್ಲ. "ಬಿಸ್ಕತ್" ಅಂದೆ. "ಅರ್ಧ ಕೆ.ಜಿ. ಮೈದಾಗೆ ಅರ್ಧ ಚಮಚ ಸಾಕು, ಜಾಸ್ತಿ ಹಾಕಬೇಡಿ" ಅಂತ ಎಚ್ಚರಿಕೆ ಹೇಳಿ ಕಾಲು ಕೆ.ಜಿ. ಕಟ್ಟಿಕೊಟ್ಟರು.

ಬಸ್ಸಿನಲ್ಲಿ ಕೂತು ತಮ್ಮನಿಗೆ ಫೋನ್. ಅವನು ಒಂದು ನಿಮಿಷ ಸುಮ್ಮನಿದ್ದ. "ಥೂ, ನಂಗೆ ಹೊಳೀಲೇ ಇಲ್ಲ ನೋಡು" ಅಂದ. ಲೆಕ್ಕ ಹೇಳಿದ. ಈ ಪುಡಿಯ 79 ಭಾಗದಲ್ಲಿ 17 ಭಾಗ ಅಮೋನಿಯಾ. 500 ಲೀಟರಿಗೆ 2 ಪಿಪಿಎಂ ಅಂದರೆ ಒಂದು ಗ್ರಾಂ ಅಮೋನಿಯಾ, ಅದಕ್ಕೆ ಪುಡಿ ಸುಮಾರು 4.7 ಗ್ರಾಂ. ಉಳಿದಿದ್ದು ಬೈಕಾರ್ಬೊನೇಟ್. ತಿನ್ನುವವರ ಹೊಟ್ಟೆಗೆ ಅಂತಲೇ ಮಾಡಿದ್ದು, ಹಾಗಾಗಿ ಲೋಹ ಗೀಹದ ಭಯ ಕಡಿಮೆ. ಇನ್ನೂ ಒಂದು ಲಾಭ ಇತ್ತು, ಅದು ಆಮೇಲೆ ತಿಳಿಯಿತು.

ಏಲಕ್ಕಿ ತೂಗುವ ಪುಟ್ಟ ತಕ್ಕಡಿಯಲ್ಲಿ ತೂಗಿ, ತಣ್ಣೀರಿನ ಲೋಟದಲ್ಲಿ ಕರಗಿಸಿ ಹಾಕಿದೆ. ಬಿಸಿನೀರಾದರೆ ಅಮೋನಿಯಾ ಗಾಳಿಗೆ ಹೋಗಿಬಿಡುತ್ತೆ. ಪೊಟ್ಟಣವನ್ನೂ ಬಿಗಿಯಾದ ಡಬ್ಬಿಯಲ್ಲಿ ಇಡಬೇಕು, ಇಲ್ಲದಿದ್ದರೆ ಪುಡಿ ತನ್ನಷ್ಟಕ್ಕೆ ಹಾರಿ ಕಡಿಮೆಯಾಗುತ್ತೆ. ಒಂದು ಗಂಟೆ ಬಿಟ್ಟು ಕಿಟ್ ನೋಡಿದೆ. ಸರಿಯಾಗಿ 2ರ ಹಸಿರು. ಗಂಜಲದ ಹಾಗೆ ಸತಾಯಿಸಲಿಲ್ಲ. ಪರಿಚಯದವರ ಅಕ್ವೇರಿಯಂ ಫಿಲ್ಟರಿನ ಕೊಳಕು ಸ್ಪಂಜೊಂದನ್ನು ಟಿಫಿನ್ ಡಬ್ಬಿಯಲ್ಲಿ ಒದ್ದೆಯಾಗಿ ತಂದಿದ್ದೆ, ಅದನ್ನು ಜಲ್ಲಿ ಮೇಲೆ ಹಿಂಡಿದೆ. ಮೊಸರಿಗೆ ಹೆಪ್ಪು ಹಾಕಿದ ಹಾಗೆ. ಅತ್ತೆಗೆ ಇದೊಂದು ಮಾತ್ರ ಅರ್ಥವಾಯಿತು.

ಅಡಿಕೆ ಸುಲಿಯುವ ಕಾಲ. ಹಗಲೆಲ್ಲ ಅಡಿಕೆ ಕೊನೆ ಇಳಿಸೋದು, ಬೇಯಿಸೋದು, ಒಣಗಿಸೋದು. ಸಂಜೆ ಆರಕ್ಕೆ ಒಂದು ಸಲ ಕಿಟ್ ತೆಗೆದು ಕ್ಯಾಲೆಂಡರಿನ ಹಿಂದೆ ಬರೆಯುತ್ತಿದ್ದೆ. 2, 2, 2, 2. ಒಂಬತ್ತು ದಿನ ಅದೇ. ಹತ್ತನೇ ದಿನ ಒಂದೂವರೆ. ಕುಣಿದಾಡಿದೆ. ಹದಿಮೂರನೇ ದಿನ ಮತ್ತೆ ನಿಂತಿತು. ಹದಿನಾಲ್ಕು, ಹದಿನೈದು, ಅಲುಗಾಟವಿಲ್ಲ.

ಕಾರಣ ಸಿಕ್ಕಿದ್ದು ಬಕೆಟ್ಟಿನಲ್ಲಿ. ಆವಿಯಾದ ನೀರಿಗೆ ಬದಲು ದಿನಾ ಒಂದು ಬಕೆಟ್ ತುಂಬುತ್ತಿದ್ದೆ. ಕೈಗೆ ಸಿಕ್ಕ ಬಕೆಟ್ಟು. ಅವತ್ತು ಬಿಸಿಲಿಗೆ ಹಿಡಿದಾಗ ತಳದ ಅಂಚಿನಲ್ಲಿ ತಿಳಿ ನೀಲಿ ಗೆರೆ ಕಂಡಿತು. ಕೊಳೆ ಔಷಧಿಯದ್ದು! ಮಳೆಗಾಲದಲ್ಲಿ ಅಡಿಕೆಗೆ ಹೊಡೆಯಲು 100 ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ ಕಲಸುವ ಬಕೆಟ್ಟು ಅದು. ಮೈಲುತುತ್ತ ಅಂದರೆ ತಾಮ್ರ. ಕೊಳೆರೋಗವನ್ನು ತಡೆಯುವ ಅದೇ ತಾಮ್ರ ನನ್ನ ಬ್ಯಾಕ್ಟೀರಿಯಾವನ್ನೂ ಬಿಡಲ್ಲ, ನಾಳೆ ಬರುವ ಮೀನನ್ನೂ ಬಿಡಲ್ಲ. ನಮ್ಮ ಬಾವಿಯಂಥ ಮೆದು ನೀರಿನಲ್ಲಿ ಅದರ ಕಾಟ ಇನ್ನೂ ಜಾಸ್ತಿ. ಅದೇ ಕಾರಣ ಅಂತ ಆಣೆ ಮಾಡಿ ಹೇಳಲಾರೆ. ಆದರೆ ಒಂದು ತಿಂಗಳು ಊರೆಲ್ಲ ಸುತ್ತಿ ಶುದ್ಧವಾದ ಅಮೋನಿಯಾ ತಂದು, ಕೊನೆಗೆ ಬಕೆಟ್ಟಿನಲ್ಲಿ ತಾಮ್ರ ತಂದು ಸುರಿದೆನಲ್ಲ ಅಂತ ಅವತ್ತು ಅಳು ಬಂತು. ಎಲ್ಲ ನೀರು ಖಾಲಿ ಮಾಡಿ, ಜಲ್ಲಿಯನ್ನು ಮೂರು ಸಲ ತೊಳೆದು, ಹೊಸ ಬಕೆಟ್ ತಂದು ಅದರ ಮೇಲೆ ಕೆಂಪು ಪೇಂಟಿನಲ್ಲಿ "ಮೀನು" ಅಂತ ಬರೆದು, ಮತ್ತೆ ಒಂದನೇ ದಿನದಿಂದ ಶುರು ಮಾಡಿದೆ.

ಎರಡನೇ ಸಲ ಬೇಗ ಹಿಡಿಯಿತು. ಹನ್ನೆರಡನೇ ದಿನಕ್ಕೆ ಅಮೋನಿಯಾ ಅರ್ಧಕ್ಕಿಳಿದು ಕಿಟ್‌ನ ನೈಟ್ರೈಟ್ ಟ್ಯೂಬು ನೇರಳೆಯಾಯಿತು, ಅಂದರೆ ನೈಟ್ರೈಟ್ ಹುಟ್ಟಿದೆ. ಮೂರನೇ ವಾರ ಮತ್ತೆ ನಿಧಾನ. ಈ ಸಲ ಕಾರಣ ಪಿಎಚ್, ನೀರು ಎಷ್ಟು ಹುಳಿ ಅನ್ನೋದರ ಅಳತೆ; 7ಕ್ಕಿಂತ ಇಳಿದಷ್ಟೂ ಹುಳಿ. ಬ್ಯಾಕ್ಟೀರಿಯಾ ಅಮೋನಿಯಾ ತಿಂದಾಗ ಆಮ್ಲ ಬಿಡುತ್ತವೆ. ಒಂದು ಗ್ರಾಂ ಸಾರಜನಕ ತಿನ್ನಲು ಏಳು ಗ್ರಾಂ ಸುಣ್ಣದಕಲ್ಲಿನಷ್ಟು ಕ್ಷಾರ ಖರ್ಚಾಗುತ್ತೆ. ನಮ್ಮ ಮಲೆನಾಡಿನ ನೀರಿನಲ್ಲಿ ಅದು ಇರೋದೇ ಕಡಿಮೆ. ಮಳೆ ಎಲ್ಲ ತೊಳೆದು ಹಾಕಿರುತ್ತೆ. ಪಿಎಚ್ 6ಕ್ಕೆ ಇಳಿದರೆ ಅವು ಹೆಚ್ಚುಕಮ್ಮಿ ಕೆಲಸ ನಿಲ್ಲಿಸುತ್ತವೆ. ಬೇಕರಿ ಪುಡಿಯ ಇನ್ನೊಂದು ಲಾಭ ಇದೇ. ಅದರ ಬೈಕಾರ್ಬೊನೇಟ್ ಆ ಆಮ್ಲದ ಅರ್ಧದಷ್ಟನ್ನು ತಾನೇ ನುಂಗುತ್ತೆ. ನವಸಾಗರ ಹಾಕಿದ್ದರೆ ಈ ತಾಪತ್ರಯ ಇನ್ನೂ ಮೊದಲೇ ಬರುತ್ತಿತ್ತು.

"ಎರಡು ಮುಷ್ಟಿ ಸುಣ್ಣ ಹಾಕು" ಅಂದರು ನಮ್ಮನೆಯವರು. ಬೇಡ ಅಂದೆ. ಸುಣ್ಣ ಹಾಕಿದರೆ ಪಿಎಚ್ ಒಂದೇ ಏಟಿಗೆ ಹಾರುತ್ತೆ. ಪಿಎಚ್ 7ರಲ್ಲಿ ನೂರರಲ್ಲಿ ಒಂದು ಭಾಗವೂ ವಿಷದ ರೂಪದಲ್ಲಿರದ ಅಮೋನಿಯಾ, 9ಕ್ಕೆ ಹೋದರೆ ಮೂರರಲ್ಲಿ ಒಂದು ಭಾಗ ವಿಷ. ಈಗ ಮೀನಿಲ್ಲ ನಿಜ, ಆದರೆ ಆ ಅಭ್ಯಾಸ ಆಗಬಾರದು. ಕುಂದಾಪುರದ ನೆಂಟರು ತಂದುಕೊಟ್ಟ ಕಪ್ಪೆಚಿಪ್ಪನ್ನು ಪುಡಿ ಮಾಡಿ, ಈರುಳ್ಳಿ ಚೀಲದಲ್ಲಿ ಕಟ್ಟಿ, ನೀರು ಬೀಳುವ ಜಾಗದಲ್ಲಿ ನೇತು ಹಾಕಿದೆ. ತಕ್ಷಣಕ್ಕೆ ಒಂದು ಸಲ ಎರಡು ಚಮಚ ಅಡುಗೆ ಸೋಡಾ. ನಾಲ್ಕು ದಿನಕ್ಕೆ 6.8ಕ್ಕೆ ಬಂದು ನಿಂತಿತು. ಚಿಪ್ಪಿನ ಗುಣವೇ ಅದು, ನೀರು ಹುಳಿಯಾದಷ್ಟೇ ಕರಗುತ್ತೆ.

ಆಮೇಲೆ ಸುಮ್ನೆ ಕಾಯೋದು. ಪುಷ್ಯದ ಚಳಿಗೆ ಬೆಳಗಿನ ಹೊತ್ತು ನೀರು 18 ಡಿಗ್ರಿ. ಬ್ಯಾಕ್ಟೀರಿಯಾಕ್ಕೆ 25ರ ಮೇಲಿದ್ದರೆ ಇಷ್ಟ. ನೈಟ್ರೈಟ್ ಹದಿನೇಳು ದಿನ ಗಾಢ ನೇರಳೆಯಲ್ಲೇ ಕೂತಿತ್ತು. ಕ್ಯಾಲೆಂಡರಿನ ಹಿಂದೆ ಜಾಗ ಮುಗಿದು ಹೊಸ ವರ್ಷದ ಕ್ಯಾಲೆಂಡರ್ ಬಂತು.

ಸಂಕ್ರಾಂತಿ ಕಳೆದ ಮೂರನೇ ದಿನ. ಕರೆಂಟ್ ಇರಲಿಲ್ಲ, ಪುಟ್ಟ ಇನ್ವರ್ಟರಿನಲ್ಲಿ ಪಂಪು ಮಾತ್ರ ಓಡುತ್ತಿತ್ತು. ಟಾರ್ಚ್ ಬೆಳಕಿನಲ್ಲಿ ನೈಟ್ರೈಟ್ ಟ್ಯೂಬು ಕುಲುಕಿ ಐದು ನಿಮಿಷ ಬಿಟ್ಟೆ. ಬಣ್ಣ ತಿರುಗಲೇ ಇಲ್ಲ. ಹನಿ ಹಾಕೋದು ಮರೆತೆ ಅಂದುಕೊಂಡು ಮತ್ತೊಂದು ಟ್ಯೂಬು ಮಾಡಿದೆ. ಅದೂ ಆಕಾಶ ನೀಲಿ. ಸೊನ್ನೆ. ಮಗಳನ್ನು ಕರೆದು "ಇದು ಯಾವ ಬಣ್ಣ?" ಅಂತ ಕೇಳಿದೆ. "ನೀಲಿ" ಅಂದಳು. ಅತ್ತೆಯನ್ನೂ ಕರೆದೆ. "ನೀಲಿಯೇ, ಅದಕ್ಕೇನೀಗ?" ಅಂದರು.

ಮೂರು ದಿನ ಪರೀಕ್ಷೆ ಮಾಡಿದೆ. ಸಂಜೆ 4.7 ಗ್ರಾಂ ಹಾಕೋದು, ಮಾರನೇ ಸಂಜೆ ನೋಡೋದು. ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ, ಮೂರೂ ದಿನ. ನೈಟ್ರೇಟ್ ಮಾತ್ರ 80ರ ಮೇಲೆ ಹೋಗಿತ್ತು. ಅರ್ಧ ನೀರು ತೆಗೆದು ವೀಳ್ಯದೆಲೆ ಬಳ್ಳಿಗೆ ಬಿಟ್ಟು, ಬಾವಿ ನೀರು ತುಂಬಿಸಿದೆ. ಮೀನು ಬರುವ ಹಿಂದಿನ ದಿನದವರೆಗೂ ಪುಡಿ ಹಾಕಿದೆ, ಬ್ಯಾಕ್ಟೀರಿಯಾ ಉಪವಾಸ ಬೀಳಬಾರದಲ್ಲ. ಬಂದ ಮೇಲೆ ಡಬ್ಬಿಯನ್ನು ಚಪ್ಪರದಿಂದಲೇ ಆಚೆ ಇಟ್ಟೆ. ಮೀನು ಇರುವ ನೀರಿಗೆ ಒಂದು ಚಿಟಿಕೆಯೂ ಹೋಗಬಾರದು.

ಹದಿನೈದು ಗೆಂಡೆ ಮರಿ ಬಿಟ್ಟೆ. ಮೊದಲ ವಾರ ಮೇವು ಕಡಿಮೆ, ದಿನಾ ಕಿಟ್. ಹನ್ನೊಂದನೇ ದಿನ ಬೆಳಿಗ್ಗೆ ನಾನು ಏಳುವ ಮೊದಲೇ ಅತ್ತೆ ಎದ್ದು ತೊಟ್ಟಿ ಹತ್ತಿರ ನಿಂತಿದ್ದರು. ಎಣಿಸುತ್ತಿದ್ದರು. "ಹದಿನಾಲ್ಕೇ ಕಾಣ್ತಾವೆ" ಅಂದರು ಗಾಬರಿಯಲ್ಲಿ. ಹದಿನೈದನೇದು ಪಂಪಿನ ಹಿಂದೆ ಇತ್ತು.

ಹೋದ ವಾರ ಎರಡನೇ ತೊಟ್ಟಿಗೆ ಅಂತ ಮತ್ತೆ ಗಾಂಧಿ ಬಜಾರಿಗೆ ಹೋಗಿದ್ದೆ. ಅಂಗಡಿಯ ಹಿರಿಯರು ಗುರುತು ಹಿಡಿದರು. "ಬಿಸ್ಕತ್ ಹೆಂಗೆ ಬಂತಮ್ಮ?" ಅಂದರು.

"ಒಂದು ಸಲ ಕೆಟ್ಟೋಯ್ತು, ಆಮೇಲೆ ಚೆನ್ನಾಗಿ ಬಂತು" ಅಂದೆ.

"ಮೊದಲನೇ ಸಲ ಹಂಗೇ. ಪಾತ್ರೆ ಚೊಕ್ಕ ಇತ್ತಾ?" ಅಂದರು.